ಹಿತ್ತಲಲ್ಲಿ ಹಗೇವು ಇತ್ತು

ಅಲ್ಲಿ ತಿಪ್ಪೆ ಇತ್ತು ಎಂದು ನಾನು ಹೇಳಿದೆ. ಅಲ್ಲಿ ಇದ್ದದ್ದು ಹಗೇವು. ಅದು ನನಗೆ ಗೊತ್ತಿತ್ತು.

ನನ್ನ ಆ ಮಾತನ್ನು ನಂಬಿ ನಾಗವ್ವ ಎಂಬ ಹೆಂಗಸು ಮನೆಯ ಪಾಯಕ್ಕೆ ತೋಡಿದ ತಗ್ಗಿಗೆ ಇಳಿದಳು. ಜೀವಂತವಾಗಿ ಮೇಲೆ ಬರಲಿಲ್ಲ. ಆಕೆಯ ಗಂಡ, ಮನೆ ಕಟ್ಟುವ ಗೌಂಡಿ ಫಕೀರಪ್ಪ, ಹೆಂಡತಿಯನ್ನು ತಾನೇ ಕೊಂದೆನೆಂದು ಮೊನ್ನೆಯವರೆಗೂ ನಂಬಿಕೊಂಡಿದ್ದರು. ಊರೂ ಹಾಗೆಯೇ ನಂಬಿದೆ. ಹಾಗಲ್ಲ ಎಂದು ಹೇಳಬಲ್ಲವರು ಇಬ್ಬರೇ — ನನ್ನ ಅಪ್ಪ, ಮತ್ತೆ ನಾನು. ಇಬ್ಬರೂ ಸುಮ್ಮನಿದ್ದೆವು. ಅಪ್ಪನ ಮೌನದ ಮಾತು ಅಪ್ಪನಿಗಿರಲಿ. ನಾನು ಬರೆಯುತ್ತಿರುವುದು ನನ್ನದನ್ನು.

ಹಗೇವನ್ನು ನೋಡದವರಿಗೆ ಮೊದಲು ಅದೇನೆಂದು ಹೇಳಬೇಕು. ನಮ್ಮ ಕಡೆ ಹಿಂದೆ ಜೋಳವನ್ನು ನೆಲದೊಳಗೆ ಇಡುತ್ತಿದ್ದರು. ಗಡಿಗೆಯ ಆಕಾರದ ತಗ್ಗು. ಮೇಲೆ ಒಬ್ಬ ಮನುಷ್ಯ ಇಳಿಯುವಷ್ಟು ಕಿರಿದಾದ ಬಾಯಿ, ಕೆಳಗೆ ಸಣ್ಣ ಕೋಣೆಯಷ್ಟು ಅಗಲವಾದ ಹೊಟ್ಟೆ. ಒಳಗೆ ಸುತ್ತಲೂ ಜೋಳದ ಒಣ ದಂಟಿನ ಕಣಿಕೆ ಹೊದಿಸಿ, ಕಾಳು ತುಂಬಿ, ಬಾಯಿಗೆ ಕಲ್ಲು ಮುಚ್ಚಿ, ಮೇಲೆ ಮಣ್ಣೆಳೆದು ನೆಲ ಸಮ ಮಾಡಿಬಿಡುತ್ತಿದ್ದರು. ಅದು ಎಲ್ಲಿದೆ ಎಂದು ಕಳ್ಳರಿಗೂ ತಿಳಿಯಬಾರದು, ಕಾಳಿನ ಲೆಕ್ಕ ಕೇಳಲು ಬಂದ ಸರಕಾರದವರಿಗೂ ತಿಳಿಯಬಾರದು. ಹಾಗಾಗಿ ಮನೆಯವರ ಹೊರತು ಬೇರೆ ಯಾರಿಗೂ ಹೇಳದಿರುವುದು ರೂಢಿ.

ದೊಡವಾಡದ ನಮ್ಮ ಮನೆಯ ಹಿತ್ತಲಿನಲ್ಲಿ ಒಂದಿತ್ತು. ನಾನು ನೋಡುವ ಹೊತ್ತಿಗೆ ಅದು ಬರಿದಾಗಿ ಬಹಳ ಕಾಲವಾಗಿತ್ತು. ಒಮ್ಮೆ ಅದರ ಕಲ್ಲು ಸರಿದು ಕರುವೊಂದು ಒಳಗೆ ಬಿತ್ತು. ಮರುದಿನವೇ ಅಪ್ಪ ಆಳಿನ ಜೊತೆ ನಿಂತು ಹಗೇವನ್ನು ತುಂಬಿಸಿದರು. ಒಲೆಯ ಬೂದಿ, ಜೋಳದ ಹೊಟ್ಟು, ಒಡೆದ ಹಂಚು, ಕೊಟ್ಟಿಗೆಯ ಕಸ — ಕೈಗೆ ಸಿಕ್ಕಿದ್ದೆಲ್ಲ ಅದರೊಳಗೆ ಹೋಯಿತು. ಯಾರೂ ತುಳಿದು ಗಟ್ಟಿ ಮಾಡಲಿಲ್ಲ. ಒಳಗೆ ಇಳಿದು ತುಳಿಯುವವರು ಯಾರು? ನಾನು ಆಯಿಯ ಸೀರೆಯ ಸೆರಗು ಹಿಡಿದು ನೋಡುತ್ತಿದ್ದೆ. ಆಯಿ ಎಂದರೆ ಅಪ್ಪನ ತಾಯಿ. ಮಣ್ಣು ನೆಲಕ್ಕೆ ಸಮವಾದಾಗ ಆಕೆ ಬಾಗಿ ನನ್ನ ಕಿವಿಯಲ್ಲಿ ಹೇಳಿದಳು:

"ಹಗೇವ ಎಲ್ಲಿತ್ತು ಅಂತ ಯಾರ ಕೇಳಿದ್ರೂ ಹೇಳಬಾರದವಾ, ತಿಳೀತಿಲ್ಲೊ?"

"ಒಳಗ ಏನೂ ಇಲ್ಲಲ್ಲ ಆಯಿ."

"ಇಲ್ದಿದ್ರೂ ಹೇಳಬಾರದು."

ಆಮೇಲೆ ಆ ಜಾಗದ ಮೇಲೆ ತಿಪ್ಪೆ ಹಾಕತೊಡಗಿದರು. ಆದ್ದರಿಂದ ನಾನು ಆಡಿದ ಮಾತು ಪೂರ್ತಿ ಸುಳ್ಳೂ ಅಲ್ಲ. ಎಷ್ಟೋ ದಿನ ಅದನ್ನೇ ಹಿಡಿದುಕೊಂಡು — ಇರಲಿ. ಅದನ್ನು ಇಲ್ಲಿ ಹಿಡಿದುಕೊಳ್ಳುವುದಿಲ್ಲ.

ನಾನು ಕಡಿಮೆ ಮಾತಿನವಳು. ಮನೆಯಲ್ಲಿ, ಸಾಲೆಯಲ್ಲಿ, ಧಾರವಾಡದಲ್ಲಿ ಇಂಜಿನಿಯರಿಂಗ್ ಓದುವಾಗ ಕೂಡ ಎಲ್ಲರೂ ಅದನ್ನು ಗುಣವೆಂದೇ ಹೊಗಳಿದರು. 'ಕೇಳಿದಷ್ಟಕ್ಕ ಉತ್ತರ ಕೊಡೂ ಹುಡುಗಿ' ಎನ್ನುತ್ತಿದ್ದರು. ಕೇಳಿದ್ದಕ್ಕೂ ಸರಿಯಾದ ಉತ್ತರ ಕೊಡದ ದಿನ ಬರುತ್ತದೆ ಎಂದು ನನಗೇ ತಿಳಿದಿರಲಿಲ್ಲ.

ಓದು ಮುಗಿಸಿ ಬೈಲಹೊಂಗಲದ ಒಂದು ಆಫೀಸಿನಲ್ಲಿ ಮನೆಗಳ ನಕ್ಷೆ ಬರೆಯುವ ಕೆಲಸಕ್ಕೆ ಸೇರಿದೆ. ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಅದೇ ವರ್ಷ ಅಪ್ಪ ಹಿತ್ತಲಿನ ಹಿಂದಿನ ಅರ್ಧವನ್ನು ಶಿವಾನಂದ ಮಾಸ್ತರರಿಗೆ ಮಾರಿದರು. ಮಾಸ್ತರರು ನಿವೃತ್ತಿಗೆ ಹತ್ತಿರವಾಗಿದ್ದರು, ಊರಲ್ಲೇ ಸ್ವಂತ ಮನೆ ಕಟ್ಟಿಸುವ ಆಸೆ. "ನಿಮ್ಮ ಶೈಲಾ ಇರೂವಾಗ ಬ್ಯಾರೆ ಇಂಜಿನಿಯರ್ ಯಾಕ್ರಿ?" ಎಂದು ನಕ್ಷೆಯ ಕೆಲಸ, ಮೇಲುಸ್ತುವಾರಿ ಎರಡನ್ನೂ ನನಗೇ ಕೊಟ್ಟರು. ನನ್ನ ಹೆಸರಿನಲ್ಲಿ ಏಳಲಿದ್ದ ಮೊದಲ ಮನೆ ಅದು.

ಮಾಸ್ತರರಿಗೆ ವಾಸ್ತುವಿನ ಹುಚ್ಚು. ಮೊಬೈಲಿನಲ್ಲಿ ದಿಕ್ಸೂಚಿ ತೆರೆದುಕೊಂಡು ಖಾಲಿ ಜಾಗದ ತುಂಬ ಗಿರಗಿರ ತಿರುಗುತ್ತಿದ್ದರು. ಎಲ್ಲ ದೋಷಗಳಿಗಿಂತ ದೊಡ್ಡ ದೋಷ ನೈಋತ್ಯದಲ್ಲಿ ತಗ್ಗು ಇರುವುದು, ಅದು ಮನೆಯ ಯಜಮಾನನನ್ನೇ ನುಂಗುತ್ತದೆ ಎಂದು ಅವರು ಸಿಕ್ಕವರಿಗೆಲ್ಲ ಹೇಳುತ್ತಿದ್ದರು. ನಮ್ಮ ಹಗೇವು ಇದ್ದದ್ದು ಸರಿಯಾಗಿ ಆ ಮೂಲೆಯಲ್ಲಿ. ಅಪ್ಪ ಊಟಕ್ಕೆ ಕೂತಾಗ, ನನ್ನ ಕಡೆ ನೋಡದೆ, "ಹಗೇವಿನ ಸುದ್ದಿ ತಗೀಬ್ಯಾಡವಾ. ಮಾಸ್ತರ ಮೊದಲ ವಾಸ್ತು ಮನಿಷ್ಯಾ" ಎಂದರು. ನಾನು ಹೂಂ ಎಂದೆ.

ನಕ್ಷೆ ಬರೆಯುವಾಗ ಹಗೇವಿನ ಬಾಯಿ ತಪ್ಪಿಸಿ ಗೋಡೆಯ ಗೆರೆಯನ್ನು ಸ್ವಲ್ಪ ಈಚೆಗೆ ಎಳೆದೆ. ಯಾಕೆ ಎಂದು ಯಾರೂ ಕೇಳಲಿಲ್ಲ. ಬಾಯಿ ಎಲ್ಲಿತ್ತು ಎಂದು ನನಗೆ ನೆನಪಿತ್ತು. ಒಳಗಿನ ಹೊಟ್ಟೆ ಎಲ್ಲಿಯವರೆಗೆ ಹೋಗಿತ್ತು ಎಂದು ತಿಳಿದಿರಲಿಲ್ಲ. ಅಪ್ಪನನ್ನು ಕೇಳಬಹುದಿತ್ತು. ಕೇಳಿದರೆ, ನನಗೆ ಗೊತ್ತಿದೆ ಎಂಬುದನ್ನು ನಾನೇ ಒಪ್ಪಿಕೊಂಡಂತಾಗುತ್ತಿತ್ತು. ಕೇಳಲಿಲ್ಲ.

ಫಕೀರಪ್ಪ ಕಾಕಾ, ನಾಗವ್ವ ಇಬ್ಬರೂ ಪಕ್ಕದ ಹಳ್ಳಿಯಿಂದ ಮೋಟಾರ್ ಸೈಕಲ್ಲಿನಲ್ಲಿ ಬರುತ್ತಿದ್ದರು. ಅವರದು ಬೌದ್ಧರಾದ ದಲಿತರ ಮನೆ. ನಮ್ಮ ಆಯಿಯ ಕಾಲದಲ್ಲಿ ಅವರ ಮನೆಯವರನ್ನು ನಮ್ಮ ಮನೆಯವರು ಕಾಕಾ ಎಂದು ಕರೆದದ್ದಿಲ್ಲ. ನಾನು ಕರೆಯುತ್ತಿದ್ದೆ, ಹಾಗೆ ಕರೆಯುವುದು ನನಗೆ ಹೆಮ್ಮೆಯೂ ಆಗಿತ್ತು. ಅವರು ನನ್ನನ್ನು ಮೇಡಂ ಎನ್ನುತ್ತಿದ್ದರು, ನಾಗವ್ವ ಅಕ್ಕಾರ ಎನ್ನುತ್ತಿದ್ದಳು. ವಯಸ್ಸಿನಲ್ಲಿ ಆಕೆ ನನ್ನ ಅವ್ವನ ಓರಗೆಯವಳು.

ಮಾತಿನಲ್ಲಿ ನಾಗವ್ವ ಜೋರು. ಮಾಸ್ತರರು ದಿಕ್ಕು ನೋಡುತ್ತ ತಿರುಗುವಾಗ ಬುಟ್ಟಿ ಹೊತ್ತುಕೊಂಡೇ, "ನಿಂದರ್ರಿ ಮಾಸ್ತರ. ನೀವು ಹಿಂಗ ತಿರಗಿದ್ರ ದಿಕ್ಕಿಗೇ ತೆಲಿ ತಿರಗತೈತಿ" ಎನ್ನುವಳು. ಮಾಸ್ತರರು ಸಿಟ್ಟಾಗದೆ, "ನಿನ್ನ ಬಾಯಿ ಯಾವ ದಿಕ್ಕಿಗೆ ಕುಂದರಸಬೇಕೋ ಅದೊಂದು ಶಾಸ್ತ್ರದಾಗಿಲ್ಲ ನೋಡ್ ನಾಗವ್ವಾ" ಎನ್ನುವರು. ಮನೆ ಕಟ್ಟುವ ಜಾಗ ಅಂಥ ಮಾತುಗಳಿಂದಲೇ ತುಂಬಿರುತ್ತಿತ್ತು. ನಾನು ಪಕ್ಕದಲ್ಲಿ ನಿಂತು ನಗುತ್ತಿದ್ದೆ.

ಹಿಂದಿನ ಓಣಿ ಇಕ್ಕಟ್ಟು. ತೋಡುವ ಯಂತ್ರ ಒಳಗೆ ಬರಲಾರದು. ಹಾಗಾಗಿ ಪಾಯವನ್ನು ಕೈಯಿಂದಲೇ ತೋಡಬೇಕಾಯಿತು. ನಮ್ಮದು ಎರೆ ಭೂಮಿ; ಮೇಲಿನ ಕಪ್ಪು ಮಣ್ಣು ಮುಗಿದು ಕೆಳಗಿನ ಗಟ್ಟಿ ಗರಸು ಹತ್ತುವವರೆಗೆ ಇಳಿಯಬೇಕು. ಅಷ್ಟರಲ್ಲಿ ತಗ್ಗು ಆಳೆತ್ತರವಾಗುತ್ತದೆ. ತೋಡಿದ ಮಣ್ಣನ್ನು ಹಾಕಲು ಸಹ ಜಾಗವಿರಲಿಲ್ಲ, ಮಾಸ್ತರರಿಗೆ ಬೇಕಾದ ಕೋಣೆಗಳನ್ನೆಲ್ಲ ಹಿಡಿಸಲು ನಾನು ಗೋಡೆಗಳನ್ನು ಜಾಗದ ಅಂಚಿನವರೆಗೂ ಒಯ್ದಿದ್ದೆ. ಮಣ್ಣು ತಗ್ಗಿನ ದಂಡೆಯ ಮೇಲೆಯೇ ಗುಡ್ಡೆಯಾಗುತ್ತ ಹೋಯಿತು.

ಅದು ಅಪಾಯವೆಂದು ನನಗೆ ಗೊತ್ತಿತ್ತು. ಆಳೆತ್ತರದ ತಗ್ಗಿನ ಗೋಡೆಯನ್ನು ನೆಟ್ಟಗೆ ಬಿಡಬಾರದು, ಇಳಿಜಾರಾಗಿ ಕಡಿಯಬೇಕು, ಇಲ್ಲವೇ ಎರಡೂ ಬದಿಗೆ ಹಲಗೆ ಕೊಟ್ಟು ನಡುವೆ ಅಡ್ಡ ತೊಲೆ ಬಿಗಿಯಬೇಕು. ಮಣ್ಣನ್ನು ದಂಡೆಯಿಂದ ದೂರ ಹಾಕಬೇಕು. ಹತ್ತಲು ಏಣಿ ಇರಬೇಕು. ಪರೀಕ್ಷೆಯಲ್ಲಿ ಚಿತ್ರ ಸಮೇತ ಬರೆದಿದ್ದೆ. ಆದರೆ ನಮ್ಮ ಕಡೆ ಮನೆಯ ಪಾಯಕ್ಕೆ ಹಲಗೆ ಕೊಟ್ಟವರನ್ನು ನಾನು ಕಂಡಿರಲಿಲ್ಲ. ಬಾವಿ ತೋಡುವಾಗ ಎಲ್ಲರೂ ಹೆದರುತ್ತಾರೆ, ಪೂಜೆ ಮಾಡಿ ಇಳಿಯುತ್ತಾರೆ. ಪಾಯಕ್ಕೆ ಯಾರೂ ಹೆದರುವುದಿಲ್ಲ. ನಾಕು ದಿನ ತೆರೆದಿದ್ದು ಮುಚ್ಚಿಹೋಗುವ ತಗ್ಗು, ಕೈ ಎತ್ತಿದರೆ ದಂಡೆ ಸಿಗುತ್ತದೆ — ಅದರಲ್ಲಿ ಮನುಷ್ಯ ಸಾಯುತ್ತಾನೆ ಎಂದು ಯಾರಿಗೂ ಅನ್ನಿಸುವುದಿಲ್ಲ. ಹೊಸಬಳಾದ ನಾನು, ಅದೂ ಹೆಣ್ಣು ಇಂಜಿನಿಯರು, ಹಲಗೆ ತರಿಸಿ ಎಂದರೆ ನಕ್ಕಾರು ಎಂದುಕೊಂಡೆ. ಇದನ್ನು ಕಾರಣವೆಂದು ಕೊಡುತ್ತಿಲ್ಲ. ಹಾಗೆ ಅಂದುಕೊಂಡೆ ಎಂದಷ್ಟೇ ಹೇಳುತ್ತಿದ್ದೇನೆ.

ನೈಋತ್ಯದ ಮೂಲೆಯಲ್ಲಿ ತಗ್ಗು ಎದೆಯ ಆಳಕ್ಕೆ ಬಂದ ಸಂಜೆ ಫಕೀರಪ್ಪ ಕಾಕಾ ಒಳಗಿನಿಂದಲೇ ನನ್ನನ್ನು ಕರೆದರು. ಕೈಯಲ್ಲಿ ಒಂದು ಹಿಡಿ ಮಣ್ಣು.

"ಮೇಡಂ, ಈ ಕಡೆ ಮಣ್ಣ ಬ್ಯಾರೆ ಬರಾಕತ್ತೇತ್ರಿ. ಬೂದಿ ಬೂದಿ ಐತಿ, ಹಿಡದ್ರ ನಿಂದರೂದಿಲ್ಲ. ಇಲ್ಲೇನರ ಹಗೇವ ಇತ್ತೇನ್ರಿ?"

ಮಾಸ್ತರರು ನನ್ನ ಮಗ್ಗುಲಲ್ಲೇ ನಿಂತಿದ್ದರು. ಅವರ ಕೈಯಲ್ಲಿ ಮೊಬೈಲು. ಅವರು ತಲೆ ಎತ್ತಿ ನನ್ನ ಮುಖ ನೋಡಿದರು.

ಆ ಗಳಿಗೆಯಲ್ಲಿ ನನ್ನ ಮನಸ್ಸಿಗೆ ಏನೇನು ಬಂತು ಎಂದು ಎಷ್ಟೋ ಸಲ ನೆನೆಸಿಕೊಂಡಿದ್ದೇನೆ. ಅಪ್ಪ ತಗ್ಗು ಮುಚ್ಚಿಟ್ಟು ಜಾಗ ಮಾರಿದರು ಎಂದು ಊರಾಡಿಕೊಳ್ಳುವುದು. ನನ್ನ ಮೊದಲ ಮನೆ ಅಲ್ಲಿಗೇ ನಿಲ್ಲುವುದು. ಆಯಿಯ ಮಾತು ಕೂಡ ಬಂತೇ? ಬಂದಿತ್ತು ಎಂದರೆ ಸತ್ತವಳ ಮೇಲೆ ಹೊರೆ ಹಾಕಿದಂತಾಗುತ್ತದೆ. ಒಂದನ್ನು ಮಾತ್ರ ಖಚಿತವಾಗಿ ಹೇಳಬಲ್ಲೆ: ತಗ್ಗಿನಲ್ಲಿ ನಿಂತಿದ್ದ ಮನುಷ್ಯನ ನೆನಪು ಬರಲಿಲ್ಲ. ಅವರು ನನ್ನ ಕಣ್ಣೆದುರೇ, ಎದೆಯವರೆಗೆ ನೆಲದೊಳಗೆ ಇದ್ದರು.

"ಇಲ್ಲ ಕಾಕಾ," ಎಂದೆ. "ತಿಪ್ಪಿ ಇತ್ತು."

"ತಿಪ್ಪಿ ಏನ್ರಿ? ಹಂಗಾರ ಚಿಂತಿಲ್ಲ. ಇನ್ನೊಂದೀಟ ಇಳದ್ರ ಗಟ್ಟಿ ಹತ್ತತೈತಿ."

ತಿಪ್ಪೆ ನೆಲದ ಮೇಲಿನದು. ಅದರ ಕಸ ಸ್ವಲ್ಪ ಆಳಕ್ಕೆ ಇಳಿದಿರುತ್ತದೆ, ಆಮೇಲೆ ನೆಲ ಗಟ್ಟಿಯೇ. ಹಗೇವಾದರೆ ಕೆಳಕ್ಕೆ ಹೋದಷ್ಟೂ ಅಗಲ. ಮೇಲೆ ಗಟ್ಟಿ ಕಾಣುವ ಮಣ್ಣಿನ ಕೆಳಗೆ ಪೊಳ್ಳು. ಹಗೇವು ಎಂದಿದ್ದರೆ ಅವರು ಅಲ್ಲಿ ಇಳಿಯುತ್ತಲೇ ಇರಲಿಲ್ಲ; ಮೇಲಿನಿಂದ ಅಗಲವಾಗಿ ಕಡಿದು ಪೂರ್ತಿ ತೆಗೆಯುತ್ತಿದ್ದರು. ಅವರ ಮಾತಿನ ಅರ್ಥ ನನಗೂ ಗೊತ್ತಿತ್ತು, ನನ್ನ ಉತ್ತರದ ಅರ್ಥವೂ.

ಮಾಸ್ತರರು ಹೋದ ಮೇಲೆ ಹೇಳೋಣ ಎಂದುಕೊಂಡೆ. ಇದು ನಿಜ. ಮಾಸ್ತರರು ಹೋದರು. ನಾನು ಮನೆಯ ಹಿಂಬಾಗಿಲಲ್ಲಿ ನಿಂತಿದ್ದೆ. ಕಾಕಾ, ನಾಗವ್ವ ಸಲಿಕೆ ಬುಟ್ಟಿ ತೊಳೆದಿಟ್ಟು ಹೊರಟರು. ಮೋಟಾರ್ ಸೈಕಲ್ಲು ಚಾಲೂ ಆಗಲಿಲ್ಲ. ಕಾಕಾ ಒದ್ದರು, ಮತ್ತೆ ಒದ್ದರು. ನಾಗವ್ವ ಹಿಂದಿನ ಸೀಟಿನಿಂದ ಇಳಿದು ಸೊಂಟಕ್ಕೆ ಕೈಯಿಟ್ಟು, "ಒದೀರಿ ಒದೀರಿ. ನನ್ನ ಮ್ಯಾಲಿನ ಸಿಟ್ಟ ಅದರ ಮ್ಯಾಲೆ ತೀರಲಿ" ಎಂದು ಹಂಗಿಸುತ್ತ ನಿಂತಳು. ಅಷ್ಟು ಹೊತ್ತು ಅವರು ಅಲ್ಲೇ ಇದ್ದರು. ನಾನು ಇಲ್ಲೇ ಇದ್ದೆ. ನಡುವೆ ಬರೀ ಹಿತ್ತಲು. ಕೊನೆಗೆ ಗಾಡಿ ಚಾಲೂ ಆಯಿತು. ನಾಗವ್ವ ನನ್ನನ್ನು ಕಂಡು ಕೈ ಎತ್ತಿದಳು.

"ಬರತೇವ್ರಿ ಅಕ್ಕಾರ."

ನಾನೂ ಕೈ ಎತ್ತಿದೆ. ನಾಳೆ ಬೆಳಿಗ್ಗೆ ಎಂದುಕೊಂಡೆ. ಫೋನು ನನ್ನ ಕೈಯಲ್ಲೇ ಇತ್ತು, ಅವರ ನಂಬರೂ ಇತ್ತು. ಮರೆತೆ ಎಂದು ಬರೆಯಲು ಬಹಳ ಆಸೆಯಾಗುತ್ತದೆ. ಮರೆತಿರಲಿಲ್ಲ.

ಮರುದಿನ ಅವರು ನಾನು ಏಳುವ ಮೊದಲೇ ಬಂದು ಕೆಲಸ ಶುರು ಮಾಡಿದ್ದರು, ಬಿಸಿಲೇರುವ ಮೊದಲು ಆ ಮೂಲೆ ಮುಗಿಸೋಣ ಎಂದು. ನಾನು ಚಹಾ ಕುಡಿದು ಹೋಗೋಣ ಎಂದು ಒಳಗೆ ಕುಳಿತಿದ್ದೆ. ಆಗ ಕೇಳಿದ ಸದ್ದು ದೊಡ್ಡದೇನಲ್ಲ. ಜೋಳದ ಚೀಲದ ಬಾಯಿ ಬಿಚ್ಚಿ ನೆಲಕ್ಕೆ ಸುರಿದ ಹಾಗೆ. ಅಷ್ಟೇ. ಅದರ ಹಿಂದೆಯೇ ಕಾಕಾನ ದನಿ.

ನಾನು ಓಡಿ ಹೋದಾಗ ತಗ್ಗಿನ ಒಂದು ಬದಿಯ ಗೋಡೆಯೇ ಇರಲಿಲ್ಲ. ದಂಡೆಯ ಮೇಲಿನ ಮಣ್ಣಿನ ಗುಡ್ಡೆ ಒಳಗೆ ಇಳಿದಿತ್ತು. ಅದರ ಹಿಂದೆ ಬೂದಿ ಬಣ್ಣದ ಕಸ, ಹೊಟ್ಟು, ಒಡೆದ ಹಂಚಿನ ಚೂರು — ನಾನು ಆಯಿಯ ಸೆರಗು ಹಿಡಿದು ನೋಡಿದ ಅದೇ ಹಂಚು — ಇನ್ನೂ ಸುರಿಯುತ್ತಿತ್ತು. ಕಾಕಾ ಆಗಷ್ಟೇ ಸಲಿಕೆ ತರಲು ಮೇಲೆ ಬಂದಿದ್ದರಂತೆ. ನಾಗವ್ವ ಕೆಳಗೆ ಬುಟ್ಟಿ ತುಂಬುತ್ತಿದ್ದಳು. ಆಕೆ ಎದೆಯವರೆಗೆ ಮಣ್ಣಿನಲ್ಲಿ ಹೂತಿದ್ದಳು. ಮುಖ ಹೊರಗೇ ಇತ್ತು. ಆದ್ದರಿಂದ ಎಲ್ಲರಿಗೂ ಧೈರ್ಯ ಬಂತು.

"ಏನೂ ಆಗಿಲ್ಲ ತಗೋರಿ," ಎಂದಳು ಆಕೆಯೇ. "ಕಾಲ ಸಿಕ್ಕಾವು, ಅಷ್ಟ. ಹಂಗ ಅಳಬ್ಯಾಡ್ರಿ ನೀವು, ಮಂದಿ ನೋಡಾಕತ್ತಾರ."

ಅದು ಕಾಕಾಗೆ ಹೇಳಿದ ಮಾತು. ಅವರು ಕೈಯಿಂದಲೇ ಮಣ್ಣು ಬಗೆಯುತ್ತಿದ್ದರು. ಓಣಿಯ ಜನ ಓಡಿ ಬಂದರು, ಎಲ್ಲರೂ ದಂಡೆಯ ಮೇಲೆಯೇ ನಿಂತರು. ದಂಡೆಗೆ ಭಾರ ಬೀಳಬಾರದು, ತೋಳು ಹಿಡಿದು ಎಳೆಯಬಾರದು, ಮೊದಲು ಎದೆಯ ಸುತ್ತಲಿನ ಮಣ್ಣು ತೆಗೆಯಬೇಕು — ಇದು ಅಲ್ಲಿ ತಿಳಿದಿದ್ದವಳು ನಾನೊಬ್ಬಳೇ. "ಹಿಂದ ಸರೀರಿ" ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಮತ್ತೊಮ್ಮೆ ಹೇಳುವಷ್ಟರಲ್ಲಿ ದಂಡೆ ಇನ್ನೊಂದಿಷ್ಟು ಕುಸಿಯಿತು.

ಮುಖ ಹೊರಗಿದ್ದರೆ ಉಸಿರಾಡಬಹುದು ಎಂದು ನಾವು ತಿಳಿಯುತ್ತೇವೆ. ಹಾಗಲ್ಲ. ಎದೆಯ ಸುತ್ತ ಮಣ್ಣು ಕೂತರೆ, ಪ್ರತಿ ಸಲ ಉಸಿರು ಬಿಟ್ಟಾಗ ಆದ ಸಣ್ಣ ಸಂದಿಯಲ್ಲೂ ಅದು ಇಳಿದು ಕೂರುತ್ತದೆ. ಮುಂದಿನ ಉಸಿರಿಗೆ ಎದೆ ಅಷ್ಟು ಹಿಗ್ಗುವುದಿಲ್ಲ. ಅದರ ಮುಂದಿನದಕ್ಕೆ ಇನ್ನೂ ಕಡಿಮೆ.

"ಉಸರ ಬರವಲ್ದರಿ," ಎಂದಳು ನಾಗವ್ವ. ಆಮೇಲೆ ನನ್ನ ಕಡೆ ನೋಡಿ, "ಅಕ್ಕಾರ..." ಎಂದಳು. ಆಕೆ ಏನು ಹೇಳುವವಳಿದ್ದಳೋ ನನಗೆ ತಿಳಿಯದು. ಬಹುಶಃ ಏನೂ ಇಲ್ಲ, ಎದುರು ಕಂಡವಳನ್ನು ಕರೆದಳು ಅಷ್ಟೇ.

ಹೊರಗೆ ತೆಗೆದಾಗ ಆಕೆಯ ಮೈಮೇಲೆ ಒಂದು ಗಾಯವೂ ಇರಲಿಲ್ಲ, ಉಸಿರೂ ಇರಲಿಲ್ಲ. ಆಸ್ಪತ್ರೆಯ ಗಾಡಿ ಬಂತು, ಬೈಲಹೊಂಗಲದ ದಾರಿ ಹಿಡಿಯಿತು. ಅದರ ಅವಸರ ಯಾರಿಗಾಗಿ ಎಂದು ಹತ್ತಿದವರಿಗೂ ತಿಳಿದಿರಲಿಲ್ಲ.

ಈಗ ಎರಡನೆಯ ತಪ್ಪು. ಇದನ್ನು ಮೊದಲಿನದರ ಒಳಗೆ ಅಡಗಿಸಬಹುದಿತ್ತು, ಬೇರೆಯಾಗಿಯೇ ಹೇಳುತ್ತೇನೆ. ವಿಚಾರಣೆಗೆ ಬಂದವರು ಕುಸಿದದ್ದು ಹೇಗೆ ಎಂದು ನನ್ನನ್ನು ಕೇಳಿದರು. ನಾನು ಇಂಜಿನಿಯರು, ಅದು ನಮ್ಮದೇ ಹಿತ್ತಲು, ನಾವು ಊರಲ್ಲಿ ಮಾತು ನಡೆಯುವ ಮನೆಯವರು. "ಮಣ್ಣನ್ನು ದಂಡೆಯ ಮೇಲೆಯೇ ಹಾಕಿದ್ದರು" ಎಂದೆ. ಸುಳ್ಳಲ್ಲ. ಬೇರೆಲ್ಲಿ ಹಾಕಲೂ ನನ್ನ ನಕ್ಷೆ ಜಾಗ ಬಿಟ್ಟಿರಲಿಲ್ಲ ಎಂದು ಹೇಳಲಿಲ್ಲ. ಬೂದಿ ಮಣ್ಣಿನ ಬಗ್ಗೆ ಅವರು ಕೇಳಿದಾಗ ಅಪ್ಪ, "ತಿಪ್ಪಿ ಇತ್ರಿ" ಎಂದರು. ಕಾಕಾ ಅಲ್ಲೇ ಗೋಡೆಗೆ ಒರಗಿ ಕೂತಿದ್ದರು. ಅವರೂ ತಲೆಯಾಡಿಸಿದರು, "ಹೌದ್ರಿ, ಮೇಡಂ ನನಗೂ ಹೇಳಿದ್ರು" ಎಂದು. ನನ್ನ ಪರವಾಗಿ ಅವರೇ ಸಾಕ್ಷಿ ನುಡಿದರು.

ಮಣ್ಣು ಮಾಡಲು ಹೋದವರ ಜೊತೆ ನಾನೂ ಹೋಗಿದ್ದೆ, ದೂರದಲ್ಲಿ ನಿಂತಿದ್ದೆ. ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದರು. ಯಾರೋ ಕಾಕಾನ ಕೈಹಿಡಿದು ಮುಂದೆ ಕರೆತಂದರು. ಅವರು ಬಾಗಲಿಲ್ಲ.

"ನಾ ಹಾಕೂದಿಲ್ಲ," ಎಂದರು. "ನಂದ ಹಾಕಿದ್ದಾಗೇತಿ."

ಆಮೇಲೆ ಯಾರೂ ಅವರನ್ನು ಪಾಯದ ಕೆಲಸಕ್ಕೆ ಕರೆಯಲಿಲ್ಲ. ಅವರು ಮಗಳನ್ನು ಕರೆದುಕೊಂಡು ಮುನವಳ್ಳಿಗೆ ಹೋದರು. ಮಾಸ್ತರರು ವರ್ಷ ತಡೆದು, ಶಾಂತಿ ಮಾಡಿಸಿ, ಬೇರೆ ಗೌಂಡಿಯಿಂದ ಮನೆ ಮುಗಿಸಿದರು. ಹೆಣ ತೆಗೆಯುವಾಗಲೇ ಆ ಮೂಲೆ ಅಗಲವಾಗಿ ತೋಡಿಹೋಗಿತ್ತು. ಅದನ್ನು ಗರಸು ತುಂಬಿ ಗಟ್ಟಿ ಮಾಡುವಂತೆ ನಾನು ಹೇಳಿದೆ. ಅಷ್ಟು ಕೆಲಸ ಸರಿಯಾಗಿ ಆಗಿದೆ. ಅವರ ಮಲಗುವ ಕೋಣೆ ಈಗ ಅದರ ಮೇಲಿದೆ. ನಾನು ದೊಡವಾಡ ಬಿಟ್ಟು ಬೈಲಹೊಂಗಲದಲ್ಲಿ ಕೋಣೆ ಮಾಡಿದೆ. ನಕ್ಷೆ ಬರೆಯುತ್ತೇನೆ, ಕಟ್ಟುವ ಜಾಗಕ್ಕೆ ಹೋಗುವುದಿಲ್ಲ. ಯಾಕೆ ಎಂದು ಕೇಳಿದರೆ ಬಿಸಿಲು ಆಗುವುದಿಲ್ಲ ಎನ್ನುತ್ತೇನೆ.

ಹೀಗೆಯೇ ನಡೆದುಹೋಗುತ್ತಿತ್ತೇನೋ. ಮೊನ್ನೆ ಆಫೀಸಿನಲ್ಲಿ ಇಬ್ಬರು ಗುತ್ತಿಗೆದಾರರು ಕೂತು ಗೌಂಡಿಗಳ ವಿಷಯ ಮಾತಾಡುತ್ತಿದ್ದರು. ಒಬ್ಬ ಕಾಕಾನ ಹೆಸರೆತ್ತಿದ. ಇನ್ನೊಬ್ಬ ನಕ್ಕ.

"ಮುನವಳ್ಳಿ ಫಕೀರಪ್ಪೇನು? ಗ್ವಾಡಿಗೆ ಗಿಲಾವ್ ಮಾಡಸು, ಛಲೋ ಮಾಡತಾನ. ಪಾಯಕ್ಕ ಮಾತ್ರ ಇಳಸಬ್ಯಾಡ ಮಾರಾಯಾ. ಸ್ವಂತ ಹೆಂಡತೀನ್ನ ಹುಗದಾಂವ ಅಂವ."

ನಾನು ಮಗ್ಗುಲ ಮೇಜಿನಲ್ಲಿ ಒಂದು ಮನೆಯ ಪಾಯದ ನಕ್ಷೆಯನ್ನೇ ತಿದ್ದುತ್ತಿದ್ದೆ. ಕೈ ನಿಲ್ಲಲಿಲ್ಲ. ಅದೇ ನನ್ನನ್ನು ಹೆದರಿಸಿತು. ಇಷ್ಟು ವರ್ಷಗಳಲ್ಲಿ ನಾನು ಎಷ್ಟು ಚೆನ್ನಾಗಿ ಕಲಿತಿದ್ದೇನೆ ಎಂದರೆ, ಕೈ ಕೂಡ ನಿಲ್ಲುವುದಿಲ್ಲ.

ಆ ಭಾನುವಾರ ಮುನವಳ್ಳಿಯ ಬಸ್ಸು ಹತ್ತಿದೆ.

ಅವರ ಮನೆ ಸಣ್ಣದು, ಗೋಡೆ ನುಣುಪಾಗಿತ್ತು — ಅವರೇ ಮಾಡಿದ ಗಿಲಾವು. ಒಳಗೆ ಬುದ್ಧನ ಪಟ, ಅದರ ಕೆಳಗೆ ನಾಗವ್ವನ ಫೋಟೊ. ಮಗಳು ಸವಿತಾ ಚಾಪೆ ಹಾಸಿ ಚಹಾ ಇಡಲು ಹೋದಳು. ಕಾಕಾಗೆ ವಯಸ್ಸಾಗಿದೆ. "ಏನ್ರಿ ಮೇಡಂ, ದಾರಿ ತಪ್ಪಿ ಬಂದಂಗ ಬಂದ್ರಿ?" ಎಂದು ನಕ್ಕರು. ಈಗೇನು ಕೆಲಸ ಎಂದು ಕೇಳಿದೆ. "ನೆಲದ ಮ್ಯಾಲಿಂದ ಅಷ್ಟ ಮಾಡತೇನ್ರಿ. ಕೆಳಗ ಇಳಿಯೂದಿಲ್ಲ," ಎಂದರು. ಕ್ಷೇಮ ಸಮಾಚಾರದಲ್ಲಿ ಇನ್ನೂ ಸ್ವಲ್ಪ ಹೊತ್ತು ತಳ್ಳಬಹುದಿತ್ತು. ತಳ್ಳಿದರೆ ಮತ್ತೆ ಬಸ್ಸು ಹತ್ತಿ ಬಂದುಬಿಡುತ್ತೇನೆ ಎಂದು ಗೊತ್ತಿತ್ತು.

"ಕಾಕಾ, ಅಲ್ಲಿ ಹಗೇವ ಇತ್ತು," ಎಂದೆ. "ತಿಪ್ಪಿ ಅಲ್ಲ. ನನಗ ಅವತ್ತ ಗೊತ್ತಿತ್ತು."

ಅವರು ಮೊದಲು ತಿಳಿಯದವರಂತೆ ನೋಡಿದರು. ಆಮೇಲೆ ಅವರ ಬಲಗೈ, ಅವತ್ತು ಮಣ್ಣು ಹಿಡಿದು ತೋರಿಸಿದ ಹಾಗೆಯೇ, ಮೆಲ್ಲಗೆ ಮಡಿಚಿತು.

"ನಾ ಕೇಳಿದ್ನಲ್ರಿ," ಎಂದರು.

"ಹೌದು."

"ತಿಪ್ಪಿ ಅಂದ್ರಿ ನೀವು."

"ಹೌದು."

ಒಳಗೆ ಪಾತ್ರೆಯ ಸದ್ದು ನಿಂತಿತ್ತು. ಸವಿತಾ ಬಾಗಿಲ ಹಿಂದೆ ನಿಂತಿದ್ದಾಳೆ ಎಂದು ನನಗೆ ತಿಳಿಯಿತು.

"ಮಾಸ್ತರ ಇದ್ರಂತ ಹೇಳಲಿಲ್ಲೇನ್ರಿ?" ಎಂದರು ಕಾಕಾ.

"ಹೌದು ಕಾಕಾ."

"ನನ್ನ ಕಿವ್ಯಾಗ ಹೇಳಬಹುದಿತ್ತು."

ಅವರು ಎದ್ದು ನಾಗವ್ವನ ಫೋಟೊದ ಮುಂದೆ ನಿಂತರು. ನಾನು ಕ್ಷಮೆ ಕೇಳುವ ಮಾತು ಶುರು ಮಾಡಿದೆ. ಅವರು ಕೈ ಎತ್ತಿ ತಡೆದರು.

"ನನಗ ಹೇಳಿದ್ರ ಏನ ಬಂತ್ರಿ ಮೇಡಂ? ನಾಕ ಗ್ವಾಡಿ ನಡುವ ಹೇಳಿ ಹೋಗತೀರಿ. ನಾ ಹುಗದಾಂವ ಅಂತ ಅನಿಸಿಕೊಂಡಿದ್ದು ದೊಡವಾಡದ ಓಣ್ಯಾಗ. ಅಲ್ಲಿ ಹೇಳ್ರಿ."

ಸವಿತಾ ಚಹಾ ತರಲಿಲ್ಲ. ನಾನು ಮೆಟ್ಟು ಹಾಕಿಕೊಳ್ಳುವಾಗಲೂ ಹೊರಗೆ ಬರಲಿಲ್ಲ.

ಅಪ್ಪನಿಗೆ ಫೋನಿನಲ್ಲಿ ತಿಳಿಸಿದೆ. ಅವರು ಸಿಟ್ಟು ಮಾಡಲಿಲ್ಲ, ಬೇಡಿಕೊಂಡರು. "ಹ್ವಾದಾಕಿ ಹೊಳ್ಳಿ ಬರತಾಳೇನವಾ? ಮಾಸ್ತರ ಆ ಮನ್ಯಾಗ ಅದಾರ. ಅವರ ನಿದ್ದಿ ಯಾಕ ಕೆಡಸ್ತಿ?" ನಿಜ, ಮಾಸ್ತರರ ನಿದ್ದೆ ಕೆಡುತ್ತದೆ. ಅಪ್ಪನದೂ ಕೆಡುತ್ತದೆ. ಇಷ್ಟು ವರ್ಷ ಕೆಟ್ಟಿದ್ದ ಒಬ್ಬರ ನಿದ್ದೆಯ ಮಾತು ಅಪ್ಪನೂ ಎತ್ತಲಿಲ್ಲ, ಅದಕ್ಕೆ ಮೊದಲು ನಾನೂ ಎತ್ತಿರಲಿಲ್ಲ.

ಇದನ್ನು ಬರೆದೆ. ಬರೆಯುವುದು ನನಗೆ ಸುಲಭ. ನಾಲ್ಕು ಗೋಡೆಗಳ ನಡುವೆ ಮಾಡುವ ಕೆಲಸವೇ ಇದು ಕೂಡ. ನಮ್ಮ ಓಣಿಯ ಕಟ್ಟೆಯ ಮೇಲೆ ಕೂರುವವರು ಇದನ್ನು ಓದುವವರಲ್ಲ. ಆದ್ದರಿಂದ ಇದರಿಂದ ಕಾಕಾನ ಮಾತು ನಡೆಸಿದಂತಾಗಲಿಲ್ಲ. ಬರುವ ಭಾನುವಾರ ದೊಡವಾಡಕ್ಕೆ ಹೋಗುತ್ತೇನೆ ಎಂದು ಸವಿತಾಗೆ ತಿಳಿಸಿದ್ದೇನೆ. ಅವಳು ಹೂಂ ಎಂದಳು, ಬರುತ್ತೇವೆ ಎನ್ನಲಿಲ್ಲ. ಅವರು ಬರಲಿ ಬಾರದಿರಲಿ, ಹೋಗುವುದು ನನ್ನ ಕೆಲಸ. ಮೊದಲು ಮಾಸ್ತರರ ಮನೆಗೆ, ಆಮೇಲೆ ಕಟ್ಟೆಗೆ.

ಈ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಆ ಮಾತನ್ನು ಜೋರಾಗಿ ಹೇಳಿ ನೋಡಿದೆ. ದನಿ ಅವತ್ತು ತಗ್ಗಿನ ದಂಡೆಯ ಮೇಲೆ ಬಂದಷ್ಟೇ ಬಂತು. ಮತ್ತೆ ಹೇಳಿದೆ. ಪಕ್ಕದ ಕೋಣೆಯವರಿಗೆ ಕೇಳಿಸಿರಬೇಕು. ಗೋಡೆಯಾಚೆ ಮಾತು ನಿಂತಿತು. ಅಷ್ಟು ಜೋರಾಗಿ ಹೇಳಬೇಕು, ಕಟ್ಟೆಯ ಕೊನೆಯಲ್ಲಿ ಕೂತ ಮುದುಕರಿಗೂ ಕೇಳುವಂತೆ —

ಅಲ್ಲಿ ಹಗೇವ ಇತ್ರಿ. ಫಕೀರಪ್ಪ ಕಾಕಾ ಕೇಳಿದ್ರು. ನಾ ಇಲ್ಲ ಅಂದೆ.